ಫುಟ್‌ಬಾಲ್ ಅಂಕಿಅಂಶ: ಆಟವನ್ನೂ ಮ್ಯಾನೇಜರನ್ನೂ ಅಳೆಯುವ ಕ್ರಮ

ಪಂದ್ಯ ಮುಗಿದ ಕೂಡಲೇ ಟಿವಿಯಲ್ಲಿ ಒಂದು ಪಟ್ಟಿ ತೋರಿಸುತ್ತಾರೆ. ಚೆಂಡಿನ ಹಿಡಿತ ಶೇ. 64, ಶಾಟ್ 17, ಕಾರ್ನರ್ 8, ಪಾಸ್ 612. ಇಷ್ಟನ್ನು ನೋಡಿ ಯಾವ ತಂಡ ಚೆನ್ನಾಗಿ ಆಡಿತು ಎಂದು ತೀರ್ಮಾನಿಸಲು ಆಗುವುದಿಲ್ಲ. ಆ 17 ಶಾಟ್‌ಗಳಲ್ಲಿ 12 ಪೆನಾಲ್ಟಿ ಬಾಕ್ಸಿನ ಹೊರಗಿನಿಂದ ಹೊಡೆದವು ಇರಬಹುದು. ಅಥವಾ ಅದು ಐದನೇ ನಿಮಿಷಕ್ಕೇ ಗೋಲು ಬಿಟ್ಟುಕೊಟ್ಟು ಉಳಿದ 85 ನಿಮಿಷ ಬೆನ್ನಟ್ಟಿದ ತಂಡ ಇರಬಹುದು. ಎಣಿಕೆ ಸರಿಯಾಗಿಯೇ ಇದೆ. ಅದನ್ನು ಯಾವುದರಿಂದ ಭಾಗಿಸಬೇಕು ಎಂಬುದನ್ನು ಯಾರೂ ಹೇಳಿಲ್ಲ. ಫುಟ್‌ಬಾಲ್ ಅಂಕಿಅಂಶಗಳನ್ನು ಓದುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಛೇದದಲ್ಲಿ ಆಗುವ ತಪ್ಪುಗಳು.

ಲೀಗ್ ಪಂದ್ಯಗಳನ್ನು ಗಮನವಿಟ್ಟು ನೋಡುವವರಿಗೂ, ಕಾಲೇಜು ತಂಡಕ್ಕೋ ಬಡಾವಣೆಯ ಕ್ಲಬ್ಬಿಗೋ ಲೆಕ್ಕ ಬರೆಯುವವರಿಗೂ ಇಲ್ಲಿರುವ ಕ್ರಮ ಸಾಕಾಗುತ್ತದೆ. ಬೇಕಾದ್ದು ಒಂದು ಸ್ಪ್ರೆಡ್‌ಶೀಟ್, ಪಿಯುಸಿ ಮಟ್ಟದ ಗಣಿತ ಮತ್ತು ಹತ್ತು ಪಂದ್ಯ ಆಗುವವರೆಗೆ ತೀರ್ಪು ಕೊಡದೆ ಇರುವ ತಾಳ್ಮೆ.

ರೀಪ್ ಎಣಿಸಿದ್ದು, ಭಾಗಿಸದೆ ಬಿಟ್ಟದ್ದು

ಚಾರ್ಲ್ಸ್ ರೀಪ್ ಬ್ರಿಟಿಷ್ ವಾಯುಪಡೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದವರು. 1950ರ ಮಾರ್ಚ್‌ನಲ್ಲಿ ಸ್ವಿಂಡನ್ ಟೌನ್ ತಂಡದ ಪಂದ್ಯ ನೋಡುತ್ತಾ ಪ್ರತಿ ದಾಳಿಯನ್ನೂ ಚಿಹ್ನೆಗಳಲ್ಲಿ ಬರೆಯತೊಡಗಿದರು. ಮುಂದೆ ದಶಕಗಳ ಕಾಲ ಅದನ್ನು ಬಿಡಲಿಲ್ಲ. 1968ರಲ್ಲಿ ಬರ್ನಾರ್ಡ್ ಬೆಂಜಮಿನ್ ಜೊತೆ ಸೇರಿ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನವನ್ನೂ ಪ್ರಕಟಿಸಿದರು. ಸುಮಾರು ಶೇ. 80ರಷ್ಟು ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳ ದಾಳಿಯಿಂದ ಬರುತ್ತವೆ ಎಂಬುದು ರೀಪ್ ಅವರ ಮುಖ್ಯ ವಾದ. ಹಾಗಾದರೆ ಹೆಚ್ಚು ಪಾಸ್ ಮಾಡುವುದು ವ್ಯರ್ಥ, ಚೆಂಡನ್ನು ಬೇಗ ಉದ್ದಕ್ಕೆ ಒದೆಯುವುದೇ ಸರಿ ಎಂದು ಇಂಗ್ಲೆಂಡಿನ ಹಲವು ಕೋಚ್‌ಗಳು ಅರ್ಥಮಾಡಿಕೊಂಡರು.

ಆದರೆ ರೀಪ್ ಅವರದೇ ದಾಖಲೆಗಳ ಪ್ರಕಾರ ಎಲ್ಲ ದಾಳಿಗಳಲ್ಲಿ ಶೇ. 90ಕ್ಕೂ ಹೆಚ್ಚು ಅಷ್ಟೇ ಚಿಕ್ಕವು. ಮೂರು ಪಾಸ್ ಆಗುವಷ್ಟರಲ್ಲಿ ಚೆಂಡು ಕೈತಪ್ಪುತ್ತದೆ. ಈಗ ಭಾಗಿಸಿ ನೋಡಿ. ಚಿಕ್ಕ ದಾಳಿಗಳು ಶೇ. 90 ಪಾಲು ಪಡೆದು ಶೇ. 80 ಗೋಲು ಕೊಟ್ಟವು, ಅಂದರೆ 0.89. ಉದ್ದದ ದಾಳಿಗಳು ಶೇ. 10 ಪಾಲಿನಲ್ಲಿ ಶೇ. 20 ಗೋಲು ಕೊಟ್ಟವು, ಅಂದರೆ 2. ಪ್ರತಿ ದಾಳಿಗೆ ಸಿಗುವ ಫಲ ಎರಡು ಪಟ್ಟಿಗೂ ಹೆಚ್ಚು, ಅದೂ ವಿರುದ್ಧ ದಿಕ್ಕಿನಲ್ಲಿ. 2005ರಲ್ಲಿ ಹ್ಯೂಸ್ ಮತ್ತು ಫ್ರ್ಯಾಂಕ್ಸ್ ಎಂಬ ಸಂಶೋಧಕರು ವಿಶ್ವಕಪ್ ಪಂದ್ಯಗಳ ದಾಖಲೆಯಲ್ಲಿ ಹೀಗೆಯೇ ಭಾಗಿಸಿ ನೋಡಿದಾಗ, ಯಶಸ್ವಿ ತಂಡಗಳ ಮಟ್ಟಿಗೆ ಉದ್ದದ ದಾಳಿಗಳೇ ಹೆಚ್ಚು ಫಲ ಕೊಟ್ಟಿದ್ದವು.

ಆದ್ದರಿಂದ ಯಾವುದೇ ಅಂಕಿ ಕಂಡರೂ ಮೊದಲು ಕೇಳಬೇಕಾದ್ದು ಇದು: ಎಷ್ಟರಲ್ಲಿ? ಎಷ್ಟು ದಾಳಿಯಲ್ಲಿ, ಎಷ್ಟು ನಿಮಿಷದಲ್ಲಿ, ಎದುರಾಳಿಯ ಎಷ್ಟು ಪಾಸ್‌ಗಳಲ್ಲಿ?

ಅಂಕಿ ಎಲ್ಲಿಂದ ತರುವುದು

ಯೂರೋಪಿನ ಲೀಗುಗಳ ಫಲಿತಾಂಶ, ಶಾಟ್, ಕಾರ್ನರ್, ಕಾರ್ಡ್‌ಗಳ ಲೆಕ್ಕ ಫುಟ್‌ಬಾಲ್-ಡೇಟಾ ಡಾಟ್ ಕೋ ಡಾಟ್ ಯುಕೆ ತಾಣದಲ್ಲಿ ಸಿಎಸ್‌ವಿ ಕಡತವಾಗಿ ಉಚಿತವಾಗಿ ಸಿಗುತ್ತದೆ. ನೇರವಾಗಿ ಎಕ್ಸೆಲ್‌ನಲ್ಲಿ ತೆರೆಯಬಹುದು. ಅಂಡರ್‌ಸ್ಟಾಟ್ ತಾಣದಲ್ಲಿ 2014-15ರಿಂದ ಈಚೆಗೆ ಯೂರೋಪಿನ ಆರು ಲೀಗುಗಳ ಪ್ರತಿ ಶಾಟ್‌ನ ವಿವರ ಇದೆ. ಸ್ಟಾಟ್ಸ್‌ಬಾಂಬ್ ಕಂಪನಿ ಕೆಲವು ಟೂರ್ನಿಗಳ ಪೂರ್ತಿ ದತ್ತಾಂಶವನ್ನು ಗಿಟ್‌ಹಬ್‌ನಲ್ಲಿ ಇಟ್ಟಿದೆ, 2018 ಮತ್ತು 2022ರ ಪುರುಷರ ವಿಶ್ವಕಪ್ ಸೇರಿ. ಇದು ಜೇಸನ್ ರೂಪದಲ್ಲಿರುವುದರಿಂದ ಪೈಥಾನ್ ಅಥವಾ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಬರಬೇಕು. ಅದರಲ್ಲಿ ಮೈದಾನದ ಅಳತೆ ಮೀಟರ್‌ನಲ್ಲಿ ಇಲ್ಲ, 120 × 80ರ ಚೌಕಟ್ಟಿನಲ್ಲಿದೆ. ಗೋಲ್ ಕಂಬಗಳು 120ರ ಗೆರೆಯ ಮೇಲೆ 36 ಮತ್ತು 44ರಲ್ಲಿ. ದಾಳಿ ಮಾಡುವ ತಂಡ ಯಾವಾಗಲೂ ಎಡದಿಂದ ಬಲಕ್ಕೆ ಆಡುವಂತೆ ಮೊದಲೇ ತಿರುಗಿಸಿ ಕೊಟ್ಟಿರುತ್ತಾರೆ. ಇದನ್ನು ತಿಳಿಯದೆ ದ್ವಿತೀಯಾರ್ಧದ ಅಂಕಿಗಳನ್ನು ಮತ್ತೊಮ್ಮೆ ತಿರುಗಿಸಿದರೆ ಅರ್ಧದಷ್ಟು ಶಾಟ್‌ಗಳು ಸ್ವಂತ ಗೋಲಿನ ಮುಂದೆ ಬಂದು ಬೀಳುತ್ತವೆ.

ಸ್ಥಳೀಯ ಪಂದ್ಯವಾದರೆ ನೀವೇ ಬರೆಯಬೇಕು. ಎ4 ಹಾಳೆಯಲ್ಲಿ ಗೋಲಿನ ಕಡೆಯ ಸುಮಾರು 35 ಮೀಟರ್ ಭಾಗವನ್ನು 1 ಸೆಂ.ಮೀ.ಗೆ 4 ಮೀಟರ್ ಲೆಕ್ಕದಲ್ಲಿ ಬಿಡಿಸಿ. 68 ಮೀಟರ್ ಅಗಲ 17 ಸೆಂ.ಮೀ. ಆಗುತ್ತದೆ, ಎತ್ತರ 9 ಸೆಂ.ಮೀ.ಗೆ ಸ್ವಲ್ಪ ಕಡಿಮೆ. ಒಂದೇ ಹಾಳೆಯಲ್ಲಿ ಎರಡೂ ತಂಡಗಳ ಚಿತ್ರ ಹಿಡಿಯುತ್ತದೆ. ಬಾಕ್ಸ್ ಗೋಲ್ ಗೆರೆಯಿಂದ 16.5 ಮೀಟರ್, ಪೆನಾಲ್ಟಿ ಬಿಂದು 11 ಮೀಟರ್, ಗೋಲಿನ ಅಗಲ 7.32 ಮೀಟರ್. ಮೈದಾನ ಚಿಕ್ಕದಿದ್ದರೂ ಬಾಕ್ಸಿನ ಗೆರೆ ಸರಿಯಾಗಿ ಹಾಕಿದ್ದರೆ ಸಾಕು, ದೂರವನ್ನು ಅದರಿಂದಲೇ ಅಂದಾಜು ಮಾಡಿ.

ಇಬ್ಬರು ಕೂರಬೇಕು. ಒಬ್ಬರು ಆಟದಿಂದ ಕಣ್ಣು ತೆಗೆಯದೆ ಹೇಳುತ್ತಾ ಹೋಗುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ. ಒಬ್ಬರೇ ನೋಡಿ ಬರೆಯಲು ಹೊರಟರೆ ಶಾಟ್‌ನ ನಂತರದ ರಿಬೌಂಡ್ ತಪ್ಪಿಹೋಗುತ್ತದೆ, ಅತ್ಯುತ್ತಮ ಅವಕಾಶಗಳು ಹಲವು ಸಲ ಅಲ್ಲೇ ಇರುತ್ತವೆ. ಪ್ರತಿ ಶಾಟ್‌ಗೆ ಹೊಡೆದ ಜಾಗದಲ್ಲಿ ಜೆರ್ಸಿ ಸಂಖ್ಯೆ, ಪಕ್ಕದಲ್ಲಿ ನಿಮಿಷ. ಹೆಡರ್ ಆದರೆ ‘ಹೆ’. ಗೋಲಾದರೆ ಸುತ್ತ ವೃತ್ತ. ಕಾರ್ನರ್ ಅಥವಾ ಫ್ರೀ ಕಿಕ್‌ನಿಂದ ಬಂದದ್ದಾದರೆ ಕೆಳಗೆ ಅಡ್ಡಗೆರೆ. ಆಗ ಸ್ಕೋರ್ ಎಷ್ಟಿತ್ತು ಎಂಬುದನ್ನೂ ಬರೆಯಿರಿ. ಈ ಕೊನೆಯದನ್ನು ಬಹಳ ಜನ ಬಿಡುತ್ತಾರೆ, ಆಮೇಲೆ ಅದಿಲ್ಲದೆ ಮುಂದಿನ ಲೆಕ್ಕ ಮಾಡಲು ಬರುವುದಿಲ್ಲ.

ಆರಂಭಿಸುವ ಮೊದಲು ವ್ಯಾಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಡಿಫೆಂಡರ್ ಕಾಲಿಗೆ ಬಡಿದು ನಿಂತದ್ದು ಶಾಟ್ ಹೌದೋ ಅಲ್ಲವೋ? ಹೌದು, ಎಣಿಸಬೇಕು. ಕ್ರಾಸ್ ಮಾಡಲು ಹೋಗಿ ಗೋಲಿನತ್ತ ತಿರುಗಿದ್ದು? ಎಣಿಸಬಾರದು. ಸ್ವಂತ ಗೋಲು? ಶಾಟ್ ಅಲ್ಲ, ಬೇರೆ ಕಾಲಂ. ಇದು ಸರಿಯಾಗಿದೆಯೇ ಎಂದು ಪರೀಕ್ಷಿಸಲು, ಮೊಬೈಲಿನಲ್ಲಿ ಹಿಡಿದ ಯಾವುದಾದರೂ 20 ನಿಮಿಷದ ವಿಡಿಯೊವನ್ನು ಇಬ್ಬರೂ ಬೇರೆಬೇರೆಯಾಗಿ ಬರೆದು ಹೋಲಿಸಿ. ಲೆಕ್ಕ ಹೊಂದದಿದ್ದರೆ ಕಣ್ಣಿನ ದೋಷ ಎಂದುಕೊಳ್ಳಬೇಡಿ. ಬಹುತೇಕ ಸಲ ವ್ಯಾಖ್ಯೆಯೇ ಸಡಿಲವಾಗಿರುತ್ತದೆ.

ಶಾಟ್‌ಗೆ ಬೆಲೆ ಕಟ್ಟುವುದು

ಎಕ್ಸ್‌ಜಿ, ಅಂದರೆ ನಿರೀಕ್ಷಿತ ಗೋಲು, ಈಗ ಎಲ್ಲ ಪ್ರಸಾರಗಳಲ್ಲೂ ಬರುತ್ತದೆ. ಇಂಥದೇ ಜಾಗದಿಂದ, ಇಂಥದೇ ರೀತಿಯಲ್ಲಿ ಹಿಂದೆ ಹೊಡೆದ ಸಾವಿರಾರು ಶಾಟ್‌ಗಳಲ್ಲಿ ಎಷ್ಟು ಪಾಲು ಗೋಲಾಗಿವೆ ಎಂಬುದೇ ಅದರ ಅರ್ಥ. ಪೆನಾಲ್ಟಿಗಳಲ್ಲಿ ನಾಲ್ಕರಲ್ಲಿ ಮೂರಕ್ಕಿಂತ ಸ್ವಲ್ಪ ಹೆಚ್ಚು ಗೋಲಾಗುತ್ತವೆ, ಹಾಗಾಗಿ ಪೆನಾಲ್ಟಿಯ ಬೆಲೆ ಸುಮಾರು 0.77.

ಬೆಲೆಯನ್ನು ನಿರ್ಧರಿಸುವ ದೊಡ್ಡ ಅಂಶಗಳು ಎರಡು: ದೂರ ಮತ್ತು ಗೋಲು ಕಾಣುವ ಕೋನ. ಪೆನಾಲ್ಟಿ ಬಿಂದುವಿನಿಂದ ಎರಡು ಕಂಬಗಳ ನಡುವಿನ ಕೋನ ಸುಮಾರು 37 ಡಿಗ್ರಿ. ನೇರವಾಗಿ 25 ಮೀಟರ್ ದೂರದಿಂದ 17 ಡಿಗ್ರಿ. ಗೋಲ್ ಗೆರೆಯಿಂದ 5 ಮೀಟರ್ ಮುಂದೆ, ಮಧ್ಯದಿಂದ 12 ಮೀಟರ್ ಪಕ್ಕಕ್ಕೆ ನಿಂತರೆ ಗೋಲಿನ ಮಧ್ಯಕ್ಕೆ ದೂರ 13 ಮೀಟರ್ ಅಷ್ಟೇ, ಆದರೆ ಕೋನ 13 ಡಿಗ್ರಿಗೆ ಇಳಿಯುತ್ತದೆ. ಕಾಣುವ ಗೋಲು 25 ಮೀಟರ್ ದೂರದವನಿಗಿಂತಲೂ ಕಿರಿದು. ವಿಂಗರ್‌ಗಳು ಬಾಕ್ಸಿನ ಮೂಲೆಗೆ ನುಗ್ಗಿ ಹೊಡೆಯುವ ಶಾಟ್ ನೋಡಲು ಹತ್ತಿರದ್ದು ಎನಿಸಿದರೂ ಅಗ್ಗದ್ದಾಗುವುದು ಇದರಿಂದ. ಅದೇ ಜಾಗದಿಂದ ಚೆಂಡನ್ನು ಹಿಂದಕ್ಕೆ, ಪೆನಾಲ್ಟಿ ಬಿಂದುವಿನತ್ತ ಕಳಿಸಿದರೆ ಬೆಲೆ ಹಲವು ಪಟ್ಟು ಏರುತ್ತದೆ.

ಕೈಲೆಕ್ಕಕ್ಕೆ ಈ ಸ್ಥೂಲ ಬೆಲೆಗಳು ಸಾಕು:

ಪೆನಾಲ್ಟಿ: 0.77
ಗೋಲ್ ಏರಿಯಾದ (ಗೋಲಿನ ಮುಂದಿನ ಚಿಕ್ಕ ಚೌಕ) ಒಳಗೆ, ಮಧ್ಯದಿಂದ, ಕಾಲಿನಿಂದ: 0.40
ಗೋಲ್ ಏರಿಯಾ ಮತ್ತು ಪೆನಾಲ್ಟಿ ಬಿಂದುವಿನ ನಡುವೆ, ಕಂಬಗಳ ನೇರದಲ್ಲಿ: 0.20
ಬಾಕ್ಸಿನ ಉಳಿದ ಭಾಗ: 0.07
ಬಾಕ್ಸಿನ ಹೊರಗೆ: 0.03
ಹೆಡರ್ ಆದರೆ ಮೇಲಿನ ಬೆಲೆಯ ಅರ್ಧ

ಹತ್ತು ಪಂದ್ಯಗಳಾದ ಮೇಲೆ ಎರಡೂ ತಂಡಗಳ ಬೆಲೆಗಳನ್ನು ಒಟ್ಟು ಕೂಡಿ ನಿಜವಾಗಿ ಬಿದ್ದ ಗೋಲುಗಳ ಜೊತೆ ಹೋಲಿಸಿ. ನಿಮ್ಮ ಲೀಗಿನಲ್ಲಿ ಲೆಕ್ಕ 20 ಹೇಳಿ ಗೋಲು 27 ಬಿದ್ದಿದ್ದರೆ ಎಲ್ಲ ಬೆಲೆಗಳನ್ನೂ 1.35ರಿಂದ ಗುಣಿಸಿ. ಶಾಲಾ ಪಂದ್ಯಗಳಲ್ಲಿ ಗೋಲ್‌ಕೀಪರ್ ಗಿಡ್ಡಗಿರುವುದರಿಂದ ಮೇಲಿನಿಂದ ಬರುವ ದೂರದ ಶಾಟ್‌ಗಳು ಹೆಚ್ಚು ಗೋಲಾಗುತ್ತವೆ, ಅಲ್ಲಿ ಬೆಲೆಪಟ್ಟಿಯನ್ನೇ ಬದಲಿಸಬೇಕಾಗಬಹುದು.

ಕೂಡುವಾಗ ಒಂದು ಎಚ್ಚರ. ಒಂದೇ ದಾಳಿಯಲ್ಲಿ 0.4ರ ಶಾಟ್ ಕೀಪರ್‌ಗೆ ಬಡಿದು, ವಾಪಸ್ ಬಂದ ಚೆಂಡನ್ನು 0.5ರ ಅವಕಾಶದಲ್ಲಿ ಹೊಡೆದರೆ ಮೊತ್ತ 0.9 ಅಲ್ಲ. ಮೊದಲನೆಯದು ಗೋಲಾಗಿದ್ದರೆ ಎರಡನೆಯದು ಹುಟ್ಟುತ್ತಲೇ ಇರಲಿಲ್ಲ. ಎರಡೂ ತಪ್ಪುವ ಸಂಭವ 0.6 × 0.5 = 0.3, ಆದ್ದರಿಂದ ಆ ದಾಳಿಯ ಬೆಲೆ 0.7. ಹೀಗೆ ಮಾಡದಿದ್ದರೆ ಬಾಕ್ಸಿನೊಳಗೆ ಒಂದು ಗೊಂದಲ ನಡೆದ ಪಂದ್ಯದಲ್ಲಿ ತಂಡದ ಲೆಕ್ಕ ಉಬ್ಬಿ ನಿಲ್ಲುತ್ತದೆ.

ಒಂದು ಪಂದ್ಯದಿಂದ ಎಷ್ಟು ಹೇಳಬಹುದು

ಬಹಳ ಕಡಿಮೆ. ಇದನ್ನು ಲೆಕ್ಕದಲ್ಲೇ ನೋಡುವುದು ಒಳ್ಳೆಯದು. ಫುಟ್‌ಬಾಲಿನಲ್ಲಿ ಗೋಲು ಅಪರೂಪ, ಪಂದ್ಯಕ್ಕೆ ಎರಡೂವರೆ ಮೂರು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಗೋಲಿನ ಸುರಿಮಳೆ ಎನಿಸಿಕೊಂಡ 2023-24ರಲ್ಲೂ 380 ಪಂದ್ಯಕ್ಕೆ 1246, ಅಂದರೆ ಪಂದ್ಯಕ್ಕೆ 3.28. ಇಂಥ ಅಪರೂಪದ ಘಟನೆಗಳಿಗೆ ಪಾಯ್ಸನ್ ಹಂಚಿಕೆ ಚೆನ್ನಾಗಿ ಹೊಂದುತ್ತದೆ. ಎಕ್ಸೆಲ್‌ನಲ್ಲೂ ಗೂಗಲ್ ಶೀಟ್ಸ್‌ನಲ್ಲೂ ಆ ಹೆಸರಿನ ಫಂಕ್ಷನ್ ಇದೆ. ಗೋಲಿನ ಸಂಖ್ಯೆ, ಸರಾಸರಿ, ಕೊನೆಯಲ್ಲಿ FALSE ಕೊಟ್ಟರೆ ಸಂಭವನೀಯತೆ ಬರುತ್ತದೆ.

ಒಂದು ತಂಡದ ಎಕ್ಸ್‌ಜಿ 1.6, ಇನ್ನೊಂದರದು 1.1 ಎಂದಿಟ್ಟುಕೊಳ್ಳಿ. ಮೊದಲ ತಂಡ 0, 1, 2, 3 ಗೋಲು ಹೊಡೆಯುವ ಸಂಭವ ಶೇ. 20, 32, 26, 14. ಎರಡನೆಯದಕ್ಕೆ ಶೇ. 33, 37, 20, 7. ಒಂದರ ಸಾಲನ್ನು ಅಡ್ಡಕ್ಕೂ ಇನ್ನೊಂದರದನ್ನು ಉದ್ದಕ್ಕೂ ಬರೆದು ಪ್ರತಿ ಮನೆಯಲ್ಲಿ ಗುಣಲಬ್ಧ ತುಂಬಿ. ಕರ್ಣದ ಮೇಲಿನ ಮನೆಗಳ ಮೊತ್ತ ಡ್ರಾ, ಅದರ ಒಂದು ಬದಿಯದು ಗೆಲುವು, ಇನ್ನೊಂದು ಬದಿಯದು ಸೋಲು. ಈ ಉದಾಹರಣೆಯಲ್ಲಿ ಮೇಲುಗೈ ಇದ್ದ ತಂಡ ಗೆಲ್ಲುವುದು ಶೇ. 49, ಡ್ರಾ 25, ಸೋಲು 26. ಸ್ಪಷ್ಟವಾಗಿ ಹೆಚ್ಚು ಅವಕಾಶ ಮಾಡಿಕೊಂಡ ತಂಡವೂ ಅರ್ಧಕ್ಕಿಂತ ಹೆಚ್ಚು ಸಲ ಗೆಲ್ಲದೆ ಹೋಗುತ್ತದೆ. 0-0, 1-1ರಂಥ ಸಣ್ಣ ಸ್ಕೋರ್‌ಗಳು ನಿಜದಲ್ಲಿ ಈ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ಬರುತ್ತವೆ. 1997ರಲ್ಲಿ ಮಾರ್ಕ್ ಡಿಕ್ಸನ್ ಮತ್ತು ಸ್ಟುವರ್ಟ್ ಕೋಲ್ಸ್ ಅದಕ್ಕೊಂದು ತಿದ್ದುಪಡಿ ಕೊಟ್ಟರು. ಆರಂಭಕ್ಕೆ ಅದಿಲ್ಲದೆಯೂ ನಡೆಯುತ್ತದೆ.

2022ರ ವಿಶ್ವಕಪ್‌ನಲ್ಲಿ ಅರ್ಜೆಂಟೀನ ತನ್ನ ಮೊದಲ ಪಂದ್ಯವನ್ನು ಸೌದಿ ಅರೇಬಿಯಕ್ಕೆ 1-2ರಿಂದ ಸೋತಿತು. ಸೌದಿ ಇಡೀ ಪಂದ್ಯದಲ್ಲಿ ಹೊಡೆದದ್ದು ಮೂರು ಶಾಟ್, ಎರಡು ಗೋಲು. ಅದೇ ಅರ್ಜೆಂಟೀನ ಕಪ್ ಗೆದ್ದಿತು. ಬೆಂಗಳೂರು ಎಫ್‌ಸಿ 2017-18ರ ಇಂಡಿಯನ್ ಸೂಪರ್ ಲೀಗಿನಲ್ಲಿ 18 ಪಂದ್ಯಗಳಿಂದ 40 ಅಂಕ ಗಳಿಸಿ ಎರಡನೇ ಸ್ಥಾನದವರಿಗಿಂತ 8 ಅಂಕ ಮುಂದಿತ್ತು. ಕಂಠೀರವದಲ್ಲೇ ನಡೆದ ಫೈನಲ್‌ನಲ್ಲಿ ಚೆನ್ನೈಯಿನ್ ಎಫ್‌ಸಿಗೆ 2-3ರಿಂದ ಸೋತಿತು. ಎದುರಾಳಿಯ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಕಾರ್ನರ್‌ಗಳಿಂದ ಎರಡು ಹೆಡರ್ ಹಾಕಿದರು. ಸರಾಸರಿ 30ರಿಂದ 40 ಕಾರ್ನರ್‌ಗೆ ಒಂದು ಗೋಲು ಬರುವ ಆಟದಲ್ಲಿ ಒಂದೇ ಸಂಜೆ ಎರಡು. ಆ ವರ್ಷದ ತಂಡವನ್ನು ಅಳೆಯಬೇಕಾದರೆ 18 ಪಂದ್ಯಗಳಿಂದಲೇ ಅಳೆಯಬೇಕು.

ಅಂಕಪಟ್ಟಿ ಸುಳ್ಳಾಡುತ್ತಿದೆಯೇ ಎಂಬ ಪರೀಕ್ಷೆ

ಪ್ರೀಮಿಯರ್ ಲೀಗಿನಂಥ 20 ತಂಡ, 38 ಪಂದ್ಯಗಳ ಲೀಗಿನಲ್ಲಿ ಕಾಲುಭಾಗದಷ್ಟು ಡ್ರಾ ಆದರೆ ಸರಾಸರಿ ತಂಡಕ್ಕೆ ಸುಮಾರು 52 ಅಂಕ ಬರುತ್ತದೆ. ಅದಕ್ಕೆ ಗೋಲು ವ್ಯತ್ಯಾಸದ (ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟವನ್ನು ಕಳೆದದ್ದು) 0.65 ಪಟ್ಟನ್ನು ಸೇರಿಸಿ. ಮ್ಯಾಂಚೆಸ್ಟರ್ ಸಿಟಿಯ 2017-18ರ ವ್ಯತ್ಯಾಸ +79. ಸೂತ್ರ 103 ಎನ್ನುತ್ತದೆ, ಬಂದದ್ದು 100. ಡರ್ಬಿ ಕೌಂಟಿಯ 2007-08ರ ವ್ಯತ್ಯಾಸ −69. ಸೂತ್ರ 7, ಬಂದದ್ದು 11. ಎರಡು ತುದಿಗಳಲ್ಲೂ ಇಷ್ಟು ಹತ್ತಿರ ಬರುವ ಸೂತ್ರವನ್ನು ನಡುವಿನ ತಂಡಗಳ ಮೇಲೆ ಧೈರ್ಯವಾಗಿ ಬಳಸಬಹುದು.

ನ್ಯೂಕಾಸಲ್ ಯುನೈಟೆಡ್ 2011-12ರಲ್ಲಿ 65 ಅಂಕಗಳೊಂದಿಗೆ ಐದನೇ ಸ್ಥಾನ ಪಡೆಯಿತು. ಹೊಡೆದದ್ದು 56, ಬಿಟ್ಟುಕೊಟ್ಟದ್ದು 51, ವ್ಯತ್ಯಾಸ +5. ಸೂತ್ರದ ಪ್ರಕಾರ ಬರಬೇಕಾಗಿದ್ದದ್ದು 55. ಹತ್ತು ಅಂಕ ಹೆಚ್ಚು ಬಂದಿದೆ ಎಂದರೆ ಒಂದು ಗೋಲಿನ ಅಂತರದಲ್ಲಿ ಗೆದ್ದ ಪಂದ್ಯಗಳು ಹೆಚ್ಚು, ಸೋತಾಗ ದೊಡ್ಡದಾಗಿ ಸೋತದ್ದು ಎಂದರ್ಥ. ಸಣ್ಣ ಅಂತರದ ಗೆಲುವು ಒಂದು ವರ್ಷದಿಂದ ಇನ್ನೊಂದಕ್ಕೆ ಹಾಗೆಯೇ ಮುಂದುವರಿಯುವುದು ಅಪರೂಪ. 2012ರ ಸೆಪ್ಟೆಂಬರ್‌ನಲ್ಲಿ ಕ್ಲಬ್ ತನ್ನ ಮ್ಯಾನೇಜರ್ (ಅಂದರೆ ಮುಖ್ಯ ಕೋಚ್) ಆಲನ್ ಪಾರ್ಡ್ಯೂ ಅವರಿಗೆ ಎಂಟು ವರ್ಷದ ಒಪ್ಪಂದ ಕೊಟ್ಟಿತು. ಆ ಋತುವಿನಲ್ಲಿ ತಂಡ 41 ಅಂಕಗಳೊಂದಿಗೆ 16ನೇ ಸ್ಥಾನಕ್ಕೆ ಇಳಿಯಿತು. ಯೂರೋಪ ಲೀಗಿನ ಹೆಚ್ಚುವರಿ ಪಂದ್ಯಗಳ ಹೊರೆಯೂ ಇತ್ತು, ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ +5 ಎಂಬ ಅಂಕಿ ಒಪ್ಪಂದದ ಹೊತ್ತಿಗೆ ಎಲ್ಲರ ಕಣ್ಣ ಮುಂದೆಯೇ ಇತ್ತು.

ಬ್ರೈಟನ್ ಇದಕ್ಕೆ ತಿರುವು ಮುರುವು. 2020-21ರಲ್ಲಿ 41 ಅಂಕ, 16ನೇ ಸ್ಥಾನ. ಹೊಡೆದದ್ದು 40, ಬಿಟ್ಟದ್ದು 46. ಗೋಲು ವ್ಯತ್ಯಾಸದ ಸೂತ್ರವೇ 48 ಎನ್ನುತ್ತಿತ್ತು. ಎಕ್ಸ್‌ಜಿ ಲೆಕ್ಕದಲ್ಲಂತೂ ಆ ತಂಡ ಕೊಟ್ಟದ್ದಕ್ಕಿಂತ ಹೆಚ್ಚು ಅವಕಾಶ ಪಡೆದಿತ್ತು, ಪಟ್ಟಿಯ ಮೇಲಿನ ಅರ್ಧಕ್ಕೆ ಸೇರಬೇಕಾದ ಆಟ. ಕ್ಲಬ್ಬಿನ ಒಡೆಯ ಟೋನಿ ಬ್ಲೂಮ್ ಸಂಖ್ಯೆಗಳನ್ನು ನಂಬುವವರು. ಮ್ಯಾನೇಜರ್ ಗ್ರಹಾಂ ಪಾಟರ್ ಅವರನ್ನು ಉಳಿಸಿಕೊಂಡರು. ಮುಂದಿನ ವರ್ಷ 51 ಅಂಕ, 9ನೇ ಸ್ಥಾನ.

ನಿಮ್ಮ ಲೀಗಿಗೆ ಈ 52 ಮತ್ತು 0.65 ಹೊಂದುವುದಿಲ್ಲ, ಏಕೆಂದರೆ ಪಂದ್ಯಗಳ ಸಂಖ್ಯೆ ಬೇರೆ. ಕಳೆದ ಮೂರು ನಾಲ್ಕು ವರ್ಷದ ಅಂಕಪಟ್ಟಿ ತೆಗೆದು, ಒಂದು ಕಾಲಂನಲ್ಲಿ ಪಂದ್ಯಕ್ಕೆ ಗೋಲು ವ್ಯತ್ಯಾಸ, ಇನ್ನೊಂದರಲ್ಲಿ ಪಂದ್ಯಕ್ಕೆ ಅಂಕ ಹಾಕಿ. ಸ್ಪ್ರೆಡ್‌ಶೀಟ್‌ನ ಸ್ಲೋಪ್ ಮತ್ತು ಇಂಟರ್‌ಸೆಪ್ಟ್ ಫಂಕ್ಷನ್‌ಗಳು ಎರಡು ಸಂಖ್ಯೆಯನ್ನೂ ಕೊಡುತ್ತವೆ.

ಆಟಗಾರನ ಲೆಕ್ಕ

ಮೊದಲ ನಿಯಮ: ಎಲ್ಲವನ್ನೂ 90 ನಿಮಿಷಕ್ಕೆ ಇಳಿಸಿ, ಪೆನಾಲ್ಟಿಗಳನ್ನು ಹೊರಗಿಡಿ. 14 ಗೋಲು ಹೊಡೆದವನದ್ದು 6 ಪೆನಾಲ್ಟಿಯಾಗಿದ್ದರೆ ಆಟದ ಗೋಲು 8. ಕನಿಷ್ಠ 900 ನಿಮಿಷ ಆಡದವನನ್ನು ಹೋಲಿಕೆಗೆ ತರಬೇಡಿ. ಬದಲಿ ಆಟಗಾರರ 90 ನಿಮಿಷದ ಅಂಕಿಗಳು ಯಾವಾಗಲೂ ಚೆನ್ನಾಗಿ ಕಾಣುತ್ತವೆ. ಅವರು ದಣಿದ ಡಿಫೆಂಡರ್‌ಗಳ ಎದುರು, ಆಟ ಸಡಿಲಾದ ಕೊನೆಯ ಅರ್ಧ ಗಂಟೆಯಲ್ಲಿ ಇಳಿಯುತ್ತಾರೆ.

ಸ್ಟ್ರೈಕರ್ ತನ್ನ ಎಕ್ಸ್‌ಜಿಗಿಂತ ಹೆಚ್ಚು ಗೋಲು ಹೊಡೆದರೆ ಅವನು ಗುರಿಕಾರ ಎಂದು ತಕ್ಷಣ ಹೇಳುವುದು ಅವಸರ. ಪ್ರತಿಯೊಂದೂ 0.12 ಬೆಲೆಯ 80 ಶಾಟ್ ಹೊಡೆದರೆ ನಿರೀಕ್ಷೆ 9.6 ಗೋಲು. ಮಾನಕ ವಿಚಲನೆ 80 × 0.12 × 0.88ರ ವರ್ಗಮೂಲ, ಅಂದರೆ 2.9. ಆದ್ದರಿಂದ ಅವನು 7 ಹೊಡೆದರೂ 12 ಹೊಡೆದರೂ ಕೌಶಲ ಒಂದೇ ಇರಬಹುದು. ಇಂಥ ಒಂದು ಋತು ನೋಡಿ ಹಣ ಸುರಿದು ಆಟಗಾರನನ್ನು ಕೊಳ್ಳುವುದು ಕ್ಲಬ್ಬುಗಳು ಮತ್ತೆ ಮತ್ತೆ ಮಾಡುವ ತಪ್ಪು. ಗೋಲಿಗಿಂತ, ಒಳ್ಳೆಯ ಜಾಗದಲ್ಲಿ ಎಷ್ಟು ಸಲ ಶಾಟ್ ಪಡೆಯುತ್ತಾನೆ ಎಂಬುದು ವರ್ಷದಿಂದ ವರ್ಷಕ್ಕೆ ಹೆಚ್ಚು ಸ್ಥಿರ. ಕೊಳ್ಳುವವರು ಅದನ್ನು ನೋಡಬೇಕು.

ಡಿಫೆಂಡರ್‌ಗಳ ಟ್ಯಾಕಲ್ ಎಣಿಕೆ ಇನ್ನೂ ದಾರಿ ತಪ್ಪಿಸುತ್ತದೆ. ಚೆಂಡು ಎದುರಾಳಿಯ ಬಳಿ ಇದ್ದಾಗ ಮಾತ್ರ ಟ್ಯಾಕಲ್ ಸಾಧ್ಯ, ಶೇ. 35 ಹಿಡಿತದ ತಂಡದಲ್ಲಿ ಆಡುವವನಿಗೆ ಶೇ. 65 ಹಿಡಿತದ ತಂಡದವನಿಗಿಂತ ಸುಮಾರು ಎರಡು ಪಟ್ಟು ಸಂದರ್ಭ ಸಿಗುತ್ತದೆ. ಎದುರಾಳಿಯ ಪ್ರತಿ 100 ಪಾಸ್‌ಗೆ ಎಷ್ಟು ಟ್ಯಾಕಲ್ ಎಂದು ಭಾಗಿಸಿ. ಹಾಗೆ ಮಾಡಿದರೂ, ಸರಿಯಾದ ಜಾಗದಲ್ಲಿ ನಿಂತು ಪಾಸ್ ಬಾರದಂತೆ ತಡೆದವನ ಕೆಲಸ ಈ ಲೆಕ್ಕಕ್ಕೆ ಸಿಗುವುದಿಲ್ಲ. ಡಿಫೆನ್ಸ್‌ನ ಮಟ್ಟಿಗೆ ಅಂಕಿಗಿಂತ ವಿಡಿಯೊಗೆ ಹೆಚ್ಚು ಬೆಲೆ ಕೊಡಿ.

ಗೋಲ್‌ಕೀಪರ್‌ಗೆ ತಡೆದ ಶೇಕಡಾವಾರು ಬೇಡ. ಗುರಿಗೆ ಬಂದ ಶಾಟ್‌ಗಳ ಒಟ್ಟು ಬೆಲೆಯಿಂದ ಬಿಟ್ಟ ಗೋಲುಗಳನ್ನು ಕಳೆಯಿರಿ. ಒಳ್ಳೆಯ ಡಿಫೆನ್ಸ್ ಹಿಂದೆ ನಿಂತವನಿಗೆ ದೂರದ ಸುಲಭ ಶಾಟ್‌ಗಳೇ ಬರುವುದರಿಂದ ಅವನ ಶೇಕಡಾವಾರು ತಾನಾಗಿಯೇ ಮೇಲಿರುತ್ತದೆ.

ತಂಡದ ಪ್ರೆಸ್ಸಿಂಗ್, ಅಂದರೆ ಚೆಂಡು ಕಸಿಯಲು ಎದುರಾಳಿಯ ಮೇಲೆ ಹೇರುವ ಒತ್ತಡ, ಅಳೆಯಲು ಪಿಪಿಡಿಎ ಎಂಬ ಅಳತೆ ಇದೆ. ಎದುರಾಳಿ ತನ್ನ ಗೋಲಿನ ಕಡೆಯ ಶೇ. 60 ಮೈದಾನದಲ್ಲಿ ಮಾಡಿದ ಪಾಸ್‌ಗಳನ್ನು, ಅದೇ ಭಾಗದಲ್ಲಿ ನಮ್ಮವರು ಮಾಡಿದ ಟ್ಯಾಕಲ್, ಇಂಟರ್‌ಸೆಪ್ಷನ್, ಫೌಲ್‌ಗಳ ಮೊತ್ತದಿಂದ ಭಾಗಿಸಬೇಕು. 8ರ ಸುತ್ತ ಇದ್ದರೆ ಮೈಮೇಲೆ ಬೀಳುವ ತಂಡ, 15 ದಾಟಿದರೆ ಹಿಂದೆ ಸರಿದು ಕಾಯುವ ತಂಡ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಇದು ಹೇಳುವುದಿಲ್ಲ. ಕೋಚ್ ಹೇಳಿದ್ದನ್ನು ತಂಡ ಮಾಡುತ್ತಿದೆಯೇ ಎಂದು ಹೇಳುತ್ತದೆ.

ಮ್ಯಾನೇಜರ್‌ನನ್ನು ಅಳೆಯುವಾಗ

ಇಲ್ಲಿ ಜನರ ಉದ್ಯೋಗ ಹೋಗುತ್ತದೆ, ಹಾಗಾಗಿ ನಿಧಾನವಾಗಿ ನೋಡಬೇಕು. ಮೊದಲು ಒಂದು ಲೆಕ್ಕ. ಪೂರ್ತಿ ಸರಾಸರಿ ತಂಡವೊಂದು ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಂಭವ ಶೇ. 37.5, ಡ್ರಾ 25, ಸೋಲು 37.5 ಎನ್ನಿ. ಆರು ಪಂದ್ಯಕ್ಕೆ ಸರಾಸರಿ 8 ಅಂಕ ಬರಬೇಕು. ಆದರೆ ಆರು ಪಂದ್ಯದಲ್ಲಿ 4 ಅಥವಾ ಅದಕ್ಕಿಂತ ಕಡಿಮೆ ಅಂಕ ಬರುವ ಸಂಭವ ಶೇ. 13. ಅಂದರೆ ಎಲ್ಲ 20 ತಂಡಗಳೂ ಒಂದೇ ಮಟ್ಟದವಾಗಿದ್ದರೂ, ಎಲ್ಲ ಮ್ಯಾನೇಜರ್‌ಗಳೂ ಸಮಾನ ಸಮರ್ಥರಾಗಿದ್ದರೂ, ಯಾವುದೇ ವಾರ ನೋಡಿದರೂ ಎರಡು ಮೂರು ತಂಡಗಳು ‘ಬಿಕ್ಕಟ್ಟಿನಲ್ಲಿ’ ಇರುತ್ತವೆ. ಪತ್ರಿಕೆಗಳು ಅವರ ರಾಜೀನಾಮೆ ಕೇಳುತ್ತಿರುತ್ತವೆ.

ಆ ಹೊತ್ತಿನಲ್ಲಿ ಮ್ಯಾನೇಜರ್‌ನನ್ನು ತೆಗೆದರೆ ಮುಂದಿನ ಆರು ಪಂದ್ಯಗಳು ಬಹುಶಃ ಚೆನ್ನಾಗಿ ಹೋಗುತ್ತವೆ. ಹೊಸಬ ಬಂದದ್ದರಿಂದಲೇ ಹಾಗಾಯಿತು ಎಂದು ಎಲ್ಲರೂ ನಂಬುತ್ತಾರೆ. ಕೆಟ್ಟ ಓಟದ ನಂತರ ತಂಡ ತನ್ನ ಸರಾಸರಿಗೆ ಮರಳುವುದು ಹೇಗೂ ನಡೆಯಬೇಕಿತ್ತು. ಇದನ್ನು ಪರೀಕ್ಷಿಸುವ ಸರಿಯಾದ ದಾರಿ, ಅಷ್ಟೇ ಕೆಟ್ಟ ಓಟದಲ್ಲಿದ್ದೂ ಮ್ಯಾನೇಜರ್‌ನನ್ನು ಉಳಿಸಿಕೊಂಡ ತಂಡಗಳ ಜೊತೆ ಹೋಲಿಸುವುದು. ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೇಲ್ ಡಚ್ ಲೀಗಿನ 1986ರಿಂದ 2004ರವರೆಗಿನ ದಾಖಲೆಗಳಲ್ಲಿ ಹೀಗೆ ಹೋಲಿಸಿದಾಗ, ತೆಗೆದವರೂ ಉಳಿಸಿಕೊಂಡವರೂ ಹೆಚ್ಚು ಕಡಿಮೆ ಒಂದೇ ರೀತಿ ಚೇತರಿಸಿಕೊಂಡಿದ್ದರು.

ಮ್ಯಾನೇಜರ್ ಯೂರ್ಗೆನ್ ಕ್ಲೋಪ್ ಜರ್ಮನಿಯ ಡಾರ್ಟ್ಮುಂಡ್ ತಂಡದಲ್ಲಿ ಕಳೆದ ಕೊನೆಯ ಋತು 2014-15. ಚಳಿಗಾಲದ ಬಿಡುವಿಗೆ ತಂಡ 17ನೇ ಸ್ಥಾನದಲ್ಲಿತ್ತು, ಕೊನೆಗೆ 7ಕ್ಕೆ ಏರಿತು. ಲಿವರ್‌ಪೂಲ್‌ನ ಸಂಶೋಧನಾ ವಿಭಾಗ ನೋಡಿಕೊಳ್ಳುತ್ತಿದ್ದ ಭೌತವಿಜ್ಞಾನಿ ಇಯಾನ್ ಗ್ರಹಾಂ ಆ ಋತುವಿನ ಪಂದ್ಯಗಳನ್ನು ಅವಕಾಶಗಳ ಲೆಕ್ಕದಲ್ಲಿ ನೋಡಿದರು. ಡಾರ್ಟ್ಮುಂಡ್ ಆಡಿದ್ದು ಸ್ಥಾನಕ್ಕಿಂತ ಬಹಳ ಮೇಲ್ಮಟ್ಟದ ಆಟ, ಫಲಿತಾಂಶ ಮಾತ್ರ ಕೈಕೊಟ್ಟಿತ್ತು. 2015ರ ಅಕ್ಟೋಬರ್‌ನಲ್ಲಿ ಲಿವರ್‌ಪೂಲ್ ಕ್ಲೋಪ್ ಅವರನ್ನು ನೇಮಿಸಿತು. ಅತ್ತ ಡಾರ್ಟ್ಮುಂಡ್ ಮರುವರ್ಷ 78 ಅಂಕಗಳೊಂದಿಗೆ ಎರಡನೇ ಸ್ಥಾನ ಪಡೆಯಿತು.

ನೀವು ಯಾವುದಾದರೂ ಮ್ಯಾನೇಜರ್‌ನ ಕೆಲಸ ಅಳೆಯುವುದಾದರೆ ಹೀಗೆ ಮಾಡಿ. ಪ್ರತಿ ಪಂದ್ಯದ ಎಕ್ಸ್‌ಜಿ ವ್ಯತ್ಯಾಸ ಬರೆದು, ಹಿಂದಿನ ಹತ್ತು ಪಂದ್ಯಗಳ ಸರಾಸರಿಯನ್ನು ಗೆರೆಯಾಗಿ ಎಳೆಯಿರಿ. ಹೊಸ ಮ್ಯಾನೇಜರ್ ಬಂದ ದಿನಕ್ಕೊಂದು ಲಂಬ ಗೆರೆ ಹಾಕಿ. ಹತ್ತು ಪಂದ್ಯಗಳ ಸರಾಸರಿ ಆ ಗೆರೆಯ ಎರಡೂ ಬದಿಯನ್ನು ಬೆರೆಸದಂತೆ ಹೊಸ ಬದಿಯನ್ನು ಮತ್ತೆ ಮೊದಲಿನಿಂದ ಆರಂಭಿಸಿ. ಗೆರೆ ನಿಜವಾಗಿ ಮೇಲೇರಿತೇ, ಅಥವಾ ಗೋಲು ಮಾತ್ರ ಹೆಚ್ಚಾಯಿತೇ ಎಂಬುದು ಕಾಣುತ್ತದೆ. ನಂತರ ಎದುರಾಳಿಗಳನ್ನು ನೋಡಿ: ಹಳಬ ಆಡಿದ ಕೊನೆಯ ಆರು ಪಂದ್ಯಗಳಲ್ಲಿ ನಾಲ್ಕು ಪಟ್ಟಿಯ ಮೇಲಿನವರ ವಿರುದ್ಧ, ಹೊಸಬನ ಆರರಲ್ಲಿ ಒಂದು ಇದ್ದರೆ ಹೋಲಿಕೆಯೇ ಅನ್ಯಾಯ. ತವರಿನ ಪಂದ್ಯಗಳ ಸಂಖ್ಯೆಯನ್ನೂ ಸರಿದೂಗಿಸಿ. ಆದರೆ ತವರಿನ ಅನುಕೂಲ ಸ್ಥಿರ ಸಂಖ್ಯೆ ಎಂದುಕೊಳ್ಳಬೇಡಿ. ಹೆಚ್ಚಿನ ಪಂದ್ಯಗಳು ಖಾಲಿ ಮೈದಾನದಲ್ಲಿ ನಡೆದ 2020-21ರ ಪ್ರೀಮಿಯರ್ ಲೀಗಿನಲ್ಲಿ ಆತಿಥೇಯರಿಗಿಂತ ಹೊರಗಿನಿಂದ ಬಂದವರೇ ಹೆಚ್ಚು ಗೆದ್ದರು.

ಸ್ಕೋರ್ ಸ್ಥಿತಿಯನ್ನು ಬರೆದಿಡಿ ಎಂದು ಹೇಳಿದ್ದು ಇಲ್ಲಿಗಾಗಿ. ಮುನ್ನಡೆಯಲ್ಲಿರುವ ತಂಡ ಹಿಂದೆ ಸರಿದು ಶಾಟ್‌ಗಳನ್ನು ಬಿಟ್ಟುಕೊಡುತ್ತದೆ, ಹಿಂದಿರುವ ತಂಡ ಬೇಕಾದಷ್ಟು ಹೊಡೆಯುತ್ತದೆ. ಬೇಗ ಮುನ್ನಡೆ ಪಡೆಯುವ ಒಳ್ಳೆಯ ತಂಡದ ಅಂಕಿ ಇದರಿಂದ ಕಳಪೆಯಾಗಿ ಕಾಣುತ್ತದೆ. ಸ್ಕೋರ್ ಸಮವಿದ್ದಾಗಿನ ನಿಮಿಷಗಳನ್ನಷ್ಟೇ ಬೇರೆ ತೆಗೆದು ನೋಡಿದರೆ ತಂಡದ ಸಹಜ ಮಟ್ಟ ಸಿಗುತ್ತದೆ. ಕೆಂಪು ಕಾರ್ಡ್ ನಂತರದ ನಿಮಿಷಗಳನ್ನು ಪೂರ್ತಿ ಬಿಡಿ.

ಕೊನೆಯ ಛೇದ ಹಣ. ದೀರ್ಘಾವಧಿಯಲ್ಲಿ ತಂಡದ ಸ್ಥಾನವನ್ನು ಆಟಗಾರರ ಸಂಬಳದ ಮೊತ್ತದಷ್ಟು ಚೆನ್ನಾಗಿ ಊಹಿಸುವ ಅಂಕಿ ಬೇರೆ ಇಲ್ಲ. ಅರ್ಥಶಾಸ್ತ್ರಜ್ಞ ಸ್ಟೀಫನ್ ಸಿಮಾನ್‌ಸ್ಕಿ ಇದನ್ನು ಇಂಗ್ಲಿಷ್ ಕ್ಲಬ್ಬುಗಳ ಲೆಕ್ಕಪತ್ರಗಳಿಂದಲೇ ತೋರಿಸಿದ್ದಾರೆ. ಇಂಗ್ಲೆಂಡಿನ ಕ್ಲಬ್ಬುಗಳು ಕಂಪನೀಸ್ ಹೌಸ್ ಎಂಬ ಸರ್ಕಾರಿ ಕಂಪನಿ ನೋಂದಣಿ ಕಚೇರಿಗೆ ವರ್ಷಕ್ಕೊಮ್ಮೆ ಲೆಕ್ಕ ಸಲ್ಲಿಸುತ್ತವೆ, ಯಾರು ಬೇಕಾದರೂ ತೆಗೆದು ನೋಡಬಹುದು. ಸಂಬಳದಲ್ಲಿ 15ನೇ ಸ್ಥಾನದಲ್ಲಿದ್ದು ಪಟ್ಟಿಯಲ್ಲಿ 10ನೇ ಸ್ಥಾನ ತಂದವನು, ಸಂಬಳದಲ್ಲಿ 2ನೇ ಸ್ಥಾನದಲ್ಲಿದ್ದು 4ನೇ ಸ್ಥಾನ ತಂದವನಿಗಿಂತ ಉತ್ತಮ ಮ್ಯಾನೇಜರ್. ಪ್ರಶಸ್ತಿಗಳನ್ನು ಮಾತ್ರ ಎಣಿಸಿದರೆ ಇಂಥವರು ಯಾವತ್ತೂ ಕಣ್ಣಿಗೆ ಬೀಳುವುದಿಲ್ಲ.

ಕೋಚ್ ಕೈಗೆ ಕೊಡುವ ಹಾಳೆ

ಇಷ್ಟೆಲ್ಲ ಲೆಕ್ಕ ಮಾಡಿದ ಮೇಲೆ ಎಲ್ಲವನ್ನೂ ಕೋಚ್‌ಗೆ ತೋರಿಸುವ ಆಸೆ ಬರುತ್ತದೆ. ಒಂದೇ ಪುಟ ಕೊಡಿ. ಮೇಲೆ ಎರಡೂ ತಂಡಗಳ ಶಾಟ್‌ಗಳ ಚಿತ್ರ, ಬೆಲೆಗೆ ತಕ್ಕಂತೆ ದೊಡ್ಡ ಸಣ್ಣ ಚುಕ್ಕೆ. ಕೆಳಗೆ ಮೂರು ಅಂಕಿ: ಪೆನಾಲ್ಟಿ ಬಿಟ್ಟು ಎಕ್ಸ್‌ಜಿ ವ್ಯತ್ಯಾಸ, ಸ್ಕೋರ್ ಸಮವಿದ್ದಾಗಿನ ಅದೇ ವ್ಯತ್ಯಾಸ, ಕಾರ್ನರ್ ಮತ್ತು ಫ್ರೀ ಕಿಕ್‌ಗಳಿಂದ ಬಂದದ್ದು ಮತ್ತು ಬಿಟ್ಟದ್ದು. ಪ್ರತಿ ಅಂಕಿಯ ಪಕ್ಕದಲ್ಲಿ ಹತ್ತು ಪಂದ್ಯಗಳ ಸರಾಸರಿ ಇರಲಿ, ಇಲ್ಲದಿದ್ದರೆ ಭಾನುವಾರದ ಒಂದು ಸೋಲಿಗೆ ಸೋಮವಾರ ತಂಡದ ರಚನೆಯೇ ಬದಲಾಗುತ್ತದೆ. 0.3ಕ್ಕಿಂತ ದೊಡ್ಡ ಅವಕಾಶಗಳ ನಿಮಿಷಗಳನ್ನು ಕೊನೆಯಲ್ಲಿ ಪಟ್ಟಿ ಮಾಡಿ. ಕೋಚ್ ವಿಡಿಯೊದಲ್ಲಿ ನೇರವಾಗಿ ಅಲ್ಲಿಗೇ ಹೋಗಿ, ಆ ಅವಕಾಶ ಹುಟ್ಟಿದ್ದು ಯಾರ ಓಟದಿಂದ, ಯಾರು ಬಿಟ್ಟ ಜಾಗದಿಂದ ಎಂದು ನೋಡಿಕೊಳ್ಳುತ್ತಾರೆ.